ಹೊಂಬೆನ್ನಿನ ಮರಕುಟಿಗ: ಎರ್ಮಾಳ್ ಪರಿಸರದ ತೋಟಗಳ ಕಾಯಂ ನಿವಾಸಿ

ಪೀಠಿಕೆ

ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿಗೆ ಸೇರಿದ ಎರ್ಮಾಳ್, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಚ್ಚಿಲ ಮತ್ತು ಪಡುಬಿದ್ರಿಗಳ ನಡುವೆ ಇರುವ ಕರಾವಳಿಯ ಊರು. ತೆಂಕ ಮತ್ತು ಬಡಾ ಎಂಬ ಎರಡು ಭಾಗಗಳಾಗಿ ಗುರುತಿಸಲ್ಪಡುವ ಈ ಊರಿನ ಪಶ್ಚಿಮಕ್ಕೆ ಅರಬ್ಬಿ ಸಮುದ್ರವಿದೆ. ಇಲ್ಲಿ ದಟ್ಟ ಅರಣ್ಯವೆಂಬುದಿಲ್ಲ. ಇರುವುದು ಮನೆಗಳ ಸುತ್ತಲಿನ ತೆಂಗಿನ ತೋಟಗಳು, ಗದ್ದೆಯಂಚಿನ ಮಾವು ಹಲಸುಗಳು, ಅಲ್ಲಲ್ಲಿ ಉಳಿದಿರುವ ಹಾಡಿಗಳು ಹಾಗೂ ನಾಗಬನಗಳು ಮಾತ್ರ. ಹೀಗೆ ಮರಗಳು ಒಂದಕ್ಕೊಂದು ದೂರವಾಗಿ ನಿಂತು, ನಡುವೆ ಬೆಳಕು ಬೀಳುವ ತೆರೆದ ಪ್ರದೇಶವನ್ನೇ ತನ್ನ ನೆಲೆಯಾಗಿ ಮಾಡಿಕೊಂಡಿರುವ ಪಕ್ಷಿಗಳಲ್ಲಿ ಹೊಂಬೆನ್ನಿನ ಮರಕುಟಿಗ ಪ್ರಮುಖವಾದುದು.

ಈ ಪಕ್ಷಿಯು ಅಭಯಾರಣ್ಯದಲ್ಲಿ ಅಲ್ಲ, ಜನರ ಸ್ವಂತ ಹಿತ್ತಲಿನಲ್ಲಿ ವಾಸಿಸುತ್ತದೆ. ಆದುದರಿಂದ ಇದರ ಉಳಿವು ಬಹುಮಟ್ಟಿಗೆ ತೋಟದ ಮಾಲೀಕರ ತೀರ್ಮಾನವನ್ನು ಅವಲಂಬಿಸಿದೆ. ವಿಶೇಷವಾಗಿ, ಒಣಗಿ ನಿಂತ ಮರವನ್ನು ಯಾವಾಗ ಕಡಿಯಬೇಕು, ಯಾವುದನ್ನು ಉಳಿಸಬಹುದು ಎಂಬ ತೀರ್ಮಾನವು ಈ ಪಕ್ಷಿಗೆ ಜೀವನ್ಮರಣದ ಪ್ರಶ್ನೆಯಾಗಿದೆ. ಈ ಹಿನ್ನೆಲೆಯಲ್ಲಿ ಸದರಿ ಪಕ್ಷಿಯ ಜೀವನಕ್ರಮ ಹಾಗೂ ತೋಟಗಾರರು ಗಮನಿಸಬೇಕಾದ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹೆಸರು ಮತ್ತು ವರ್ಗೀಕರಣ

ಮರಕುಟಿಗಗಳು ಪಿಸಿಡೇ ಎಂಬ ಕುಟುಂಬಕ್ಕೆ ಸೇರಿದ ಪಕ್ಷಿಗಳು. ಹೊಂಬೆನ್ನಿನ ಮರಕುಟಿಗದ ವೈಜ್ಞಾನಿಕ ಹೆಸರು ಡೈನೋಪಿಯಮ್ ಬೆಂಗಾಲೆನ್ಸ್. ಸ್ವೀಡನ್ ದೇಶದ ವಿಜ್ಞಾನಿ ಕಾರ್ಲ್ ಲಿನೇಯಸ್ ಅವರು 1758ರಲ್ಲಿ ಈ ಪಕ್ಷಿಗೆ ಮೊದಲ ಬಾರಿಗೆ ವೈಜ್ಞಾನಿಕ ನಾಮಕರಣ ಮಾಡಿದರು. ಬಂಗಾಳದ ಹೆಸರನ್ನು ಹೊತ್ತಿದ್ದರೂ ಇದು ಹಿಮಾಲಯದ ದಕ್ಷಿಣಕ್ಕೆ ಭಾರತದ ಬಹುಭಾಗದಲ್ಲಿ, ಪಾಕಿಸ್ತಾನ, ಬಾಂಗ್ಲಾದೇಶ ಹಾಗೂ ಶ್ರೀಲಂಕಾಗಳಲ್ಲಿ ಕಂಡುಬರುತ್ತದೆ. ಬಯಲು ಪ್ರದೇಶದಿಂದ ಮೊದಲ್ಗೊಂಡು ಸುಮಾರು 1,200 ಮೀಟರ್ ಎತ್ತರದವರೆಗೆ ಇದರ ವ್ಯಾಪ್ತಿ ಇದೆ.

ಪ್ರದೇಶಕ್ಕೆ ಅನುಗುಣವಾಗಿ ಬಣ್ಣದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ ಇದರಲ್ಲಿ ಹಲವು ಉಪಜಾತಿಗಳನ್ನು ಗುರುತಿಸಲಾಗಿದೆ. ದಕ್ಷಿಣ ಭಾರತದ ಪಕ್ಷಿಗಳ ಗಂಟಲಿನ ಕಪ್ಪು ಬಣ್ಣದ ಮೇಲೆ ಚಿಕ್ಕ ಬಿಳಿಯ ಚುಕ್ಕೆಗಳಿದ್ದು, ಬೆನ್ನು ಹೊಳೆಯುವ ಹೊಂಬಣ್ಣದ್ದಾಗಿರುತ್ತದೆ. ನೈಋತ್ಯ ಭಾರತದ ಪಶ್ಚಿಮ ಘಟ್ಟದ ಕಡೆಯ ಪಕ್ಷಿಗಳಲ್ಲಿ ಬೆನ್ನಿನ ಹೊಂಬಣ್ಣವು ತುಸು ಹಸಿರು ಛಾಯೆಗೆ ತಿರುಗಿರುತ್ತದೆ. ಈ ಉಪಜಾತಿಗೆ ಖ್ಯಾತ ಪಕ್ಷಿತಜ್ಞ ಡಾ. ಸಾಲಿಂ ಅಲಿಯವರ ಪತ್ನಿ ತೆಹಮೀನಾ ಅವರ ಹೆಸರನ್ನು ಇಡಲಾಗಿದೆ.

ಗುರುತಿಸುವ ಲಕ್ಷಣಗಳು

ಈ ಪಕ್ಷಿಯ ಉದ್ದ 26ರಿಂದ 29 ಸೆಂಟಿಮೀಟರ್. ಅಂದರೆ ಗೊರವಂಕಕ್ಕಿಂತ ದೊಡ್ಡದು. ತೂಕ ಸುಮಾರು 100 ಗ್ರಾಂ. ಕೆಳಕಂಡ ಲಕ್ಷಣಗಳಿಂದ ಇದನ್ನು ಸುಲಭವಾಗಿ ಗುರುತಿಸಬಹುದಾಗಿದೆ:

1. ಬೆನ್ನು ಹಾಗೂ ರೆಕ್ಕೆಗಳ ಮೇಲ್ಭಾಗ ಹೊಳೆಯುವ ಹಳದಿ ಹೊಂಬಣ್ಣ.
2. ಬೆನ್ನಿನ ಕೆಳಭಾಗ, ಅಂದರೆ ಬಾಲದ ಬುಡದ ಮೇಲ್ಭಾಗ, ಹಾಗೂ ಬಾಲ ಕಪ್ಪು.
3. ಗಂಟಲು ಕಪ್ಪಾಗಿದ್ದು, ಅದರ ಮೇಲೆ ನವಿರಾದ ಬಿಳಿಯ ಗುರುತುಗಳು.
4. ಕೆಳಮೈ ಬಿಳುಪು, ಎದೆಯ ಮೇಲೆ ಕಪ್ಪು ಅಂಚಿನ ಗರಿಗಳಿಂದಾಗಿ ಮೀನಿನ ಹುರುಪೆಯಂತಹ ವಿನ್ಯಾಸ.
5. ಗಂಡಿನ ನೆತ್ತಿ ಮತ್ತು ಜುಟ್ಟು ಪೂರ್ಣ ಕೆಂಪು. ಹೆಣ್ಣಿನಲ್ಲಿ ನೆತ್ತಿಯ ಮುಂಭಾಗ ಬಿಳಿಯ ಚುಕ್ಕೆಗಳುಳ್ಳ ಕಪ್ಪಾಗಿದ್ದು, ಹಿಂಭಾಗದ ಜುಟ್ಟು ಮಾತ್ರ ಕೆಂಪು.

ಉಡುಪಿ ಜಿಲ್ಲೆಯ ಪೂರ್ವಭಾಗದಲ್ಲಿ, ಅಂದರೆ ಕಾರ್ಕಳ ಹಾಗೂ ಹೆಬ್ರಿಯ ಕಡೆಯ ಘಟ್ಟದ ತಪ್ಪಲಿನಲ್ಲಿ, ಹೊಂಬಣ್ಣದ ಬೆನ್ನುಳ್ಳ ಬೇರೆ ಮರಕುಟಿಗಗಳೂ ಇವೆ. ಅವುಗಳಲ್ಲಿ ಬಾಲದ ಬುಡದ ಮೇಲ್ಭಾಗವು ಕೆಂಪಾಗಿರುತ್ತದೆ. ಅವುಗಳಲ್ಲಿ ಒಂದಾದ ಮಲಬಾರ್ ಮರಕುಟಿಗವು ಗಾತ್ರದಲ್ಲಿ ದೊಡ್ಡದು, ಕೊಕ್ಕು ಉದ್ದ, ಮತ್ತು ಅದರ ಹೆಣ್ಣಿನ ನೆತ್ತಿಯಲ್ಲಿ ಕೆಂಪು ಬಣ್ಣವೇ ಇರುವುದಿಲ್ಲ. ಗಂಟಲು ಮತ್ತು ಬೆನ್ನಿನ ಕೆಳಭಾಗ ಎರಡೂ ಕಪ್ಪಾಗಿರುವ ಹೊಂಬೆನ್ನಿನ ಪಕ್ಷಿ ಭಾರತದಲ್ಲಿ ಇದೊಂದೇ. ಆದುದರಿಂದ ಸಂಶಯ ಬಂದಲ್ಲಿ ಪಕ್ಷಿಯು ಹಾರಿ ಹೋಗುವಾಗ ಬೆನ್ನಿನ ಕೆಳಭಾಗವನ್ನು ಗಮನಿಸಿದರೆ ಸಾಕು.

ವಾಸಸ್ಥಾನ

ಮರಕುಟಿಗವೆಂದರೆ ದಟ್ಟ ಕಾಡಿನ ಪಕ್ಷಿಯೆಂಬ ಭಾವನೆ ಸಾಮಾನ್ಯವಾಗಿದೆ. ಸದರಿ ಪಕ್ಷಿಗೆ ಇದು ಅನ್ವಯಿಸುವುದಿಲ್ಲ. ವಿರಳವಾಗಿ ಮರಗಳಿರುವ ಕಾಡು, ತೋಟ, ಸಾಲುಮರಗಳ ರಸ್ತೆ, ಊರೊಳಗಿನ ಹಳೆಯ ಮರಗಳು ಇದಕ್ಕೆ ಹೆಚ್ಚು ಒಗ್ಗುತ್ತವೆ. ಇದು ವಲಸೆ ಹೋಗದೆ ವರ್ಷವಿಡೀ ಒಂದೇ ಪ್ರದೇಶದಲ್ಲಿ ನೆಲೆಸುವ ಪಕ್ಷಿ.

ಕರಾವಳಿಯ ತೆಂಗಿನ ತೋಟವು ಈ ಪಕ್ಷಿಯ ದೃಷ್ಟಿಯಲ್ಲಿ ಒಂದು ತೆರೆದ ಮರಗಾಡೇ ಆಗಿದೆ. ಕಂಬದಂತೆ ನೇರವಾಗಿ ನಿಂತ ಕಾಂಡಗಳು ಏರಲು ಅನುಕೂಲ. ಗರಿ ಉದುರಿದ ಗುರುತುಗಳ ಸಂದಿಗಳಲ್ಲಿ, ಹೆಡೆಗಳ ಬುಡದಲ್ಲಿ ಇರುವೆಗಳು ಹಾಗೂ ಹುಳುಗಳು ಸಾಕಷ್ಟು ದೊರೆಯುತ್ತವೆ. ಆದರೆ ತೆಂಗೊಂದೇ ಇದ್ದರೆ ಸಾಲದು. ಮೆದುವಾದ ಮರವುಳ್ಳ ಹಾಲಿವಾಣ, ಬೂರುಗ, ಹಳೆಯ ಮಾವು, ಒಣಗಿದ ಕೊಂಬೆಗಳುಳ್ಳ ಹಲಸು ಮುಂತಾದವು ಸಮೀಪದಲ್ಲಿದ್ದರೆ ಆಹಾರಕ್ಕೂ ಗೂಡಿಗೂ ಹೆಚ್ಚಿನ ಅವಕಾಶವಾಗುತ್ತದೆ.

ಈ ದೃಷ್ಟಿಯಿಂದ ತುಳುನಾಡಿನ ನಾಗಬನಗಳ ಮಹತ್ವವನ್ನು ಇಲ್ಲಿ ಉಲ್ಲೇಖಿಸುವುದು ಸೂಕ್ತ. ಬನದ ಮರಕ್ಕೆ ಕೊಡಲಿ ಹಾಕಬಾರದೆಂಬ ನಂಬಿಕೆಯಿಂದಾಗಿ ಅಲ್ಲಿ ಮರಗಳು ಪೂರ್ಣ ವಯಸ್ಸನ್ನು ತಲುಪುತ್ತವೆ, ನಿಂತಲ್ಲಿಯೇ ಒಣಗುತ್ತವೆ, ಟೊಳ್ಳಾಗುತ್ತವೆ. ಬೇರೆಡೆ ಸಿಗದ ಹಳೆಯ ಮರಗಳು ಊರಿನ ಮಧ್ಯದಲ್ಲಿ ಉಳಿದಿರುವುದು ಈ ಬನಗಳಿಂದ. ಇತ್ತೀಚಿನ ದಶಕಗಳಲ್ಲಿ ಕರಾವಳಿಯ ಹಲವೆಡೆ ಬನದ ಮರಗಳನ್ನು ತೆಗೆದು ಕಾಂಕ್ರೀಟ್ ಕಟ್ಟೆ ಕಟ್ಟುವ ಪದ್ಧತಿ ಬಂದಿದೆ. ರಾಷ್ಟ್ರೀಯ ಹೆದ್ದಾರಿಯ ಚತುಷ್ಪಥ ಕಾಮಗಾರಿಯ ಸಂದರ್ಭದಲ್ಲಿ ರಸ್ತೆಬದಿಯ ಹಳೆಯ ಮರಗಳೂ ತೆರವಾಗಿವೆ. ಇದರಿಂದ ಉಳಿದ ಖಾಸಗಿ ತೋಟಗಳ ಮೇಲೆ ಈ ಪಕ್ಷಿಯ ಅವಲಂಬನೆ ಹೆಚ್ಚಾಗಿದೆ.

ದೇಹ ರಚನೆ

ಮರವನ್ನು ಕುಟ್ಟಿ ಬದುಕುವುದಕ್ಕೆ ಅಗತ್ಯವಾದ ಸಲಕರಣೆಗಳೆಲ್ಲವೂ ಮರಕುಟಿಗದ ದೇಹದಲ್ಲಿಯೇ ಇವೆ.

ಕಾಲು: ಬೆರಳುಗಳು ಎರಡು ಮುಂದಕ್ಕೂ ಎರಡು ಹಿಂದಕ್ಕೂ ಇರುವುದರಿಂದ ನೇರವಾದ ಕಾಂಡವನ್ನು ಭದ್ರವಾಗಿ ಹಿಡಿಯಬಹುದು. ಈ ಜಾತಿಯಲ್ಲಿ ಹಿಂದಿನ ಒಂದು ಬೆರಳು ತೀರಾ ಚಿಕ್ಕದು.

ಬಾಲ: ಬಾಲದ ಗರಿಗಳು ಗಡುಸಾಗಿದ್ದು, ಕಾಂಡಕ್ಕೆ ಒತ್ತಿಕೊಂಡು ಮೂರನೆಯ ಕಾಲಿನಂತೆ ಆಧಾರ ನೀಡುತ್ತವೆ. ಗರಿ ಉದುರಿ ಹೊಸದು ಬರುವ ಕಾಲದಲ್ಲಿ ನಡುವಿನ ಜೋಡಿ ಗರಿಗಳು ಕೊನೆಗೆ ಉದುರುತ್ತವೆ. ಉಳಿದ ಗರಿಗಳು ಬೆಳೆಯುವವರೆಗೂ ಆಧಾರ ತಪ್ಪದಿರಲು ಇದರಿಂದ ಸಾಧ್ಯವಾಗುತ್ತದೆ.

ನಾಲಿಗೆ: ನಾಲಿಗೆ ಬಹಳ ಉದ್ದ. ಅದಕ್ಕೆ ಆಧಾರವಾದ ಎಲುಬುಗಳು ತಲೆಬುರುಡೆಯ ಹಿಂದಿನಿಂದ ಮೇಲಕ್ಕೆ ಸುತ್ತಿಕೊಂಡಿರುತ್ತವೆ. ತೊಗಟೆಯೊಳಗಿನ ಬಿಲದಲ್ಲಿರುವ ಹುಳುವನ್ನು ಕೊಕ್ಕಿನಿಂದ ಬಹಳ ಮುಂದಕ್ಕೆ ನಾಲಿಗೆ ಚಾಚಿ ಹೊರಗೆಳೆಯಬಲ್ಲದು.

ಮೂಗು: ಮರದ ಪುಡಿ ಒಳಹೋಗದಂತೆ ಮೂಗಿನ ಹೊಳ್ಳೆಗಳನ್ನು ಸಣ್ಣ ಗರಿಗಳು ಮುಚ್ಚಿರುತ್ತವೆ.

ತಲೆಬುರುಡೆ: ಮರಕುಟಿಗದ ತಲೆಬುರುಡೆಯು ಪೆಟ್ಟಿನ ರಭಸವನ್ನು ಹೀರಿಕೊಳ್ಳುವ ಮೆತ್ತೆಯಂತೆ ಕೆಲಸ ಮಾಡುತ್ತದೆಂದು ಬಹುಕಾಲ ನಂಬಲಾಗಿತ್ತು. ವಿದೇಶದ ಮೂರು ಜಾತಿಯ ಮರಕುಟಿಗಗಳನ್ನು ಚಿತ್ರೀಕರಿಸಿ ನಡೆಸಿ, 2022ರಲ್ಲಿ ಪ್ರಕಟಿಸಲಾದ ಅಧ್ಯಯನವು ಇದನ್ನು ಅಲ್ಲಗಳೆದಿದೆ. ಅದರಂತೆ ತಲೆಯು ಗಟ್ಟಿಯಾದ ಸುತ್ತಿಗೆಯಂತೆ ವರ್ತಿಸುತ್ತದೆ. ಪೆಟ್ಟಿನ ಬಲ ಹೀರಿಹೋದರೆ ಮರ ಒಡೆಯುವ ಕೆಲಸವೇ ಕೆಡುತ್ತದೆ. ಮಿದುಳು ಬಹಳ ಚಿಕ್ಕದಾಗಿರುವುದರಿಂದ ಅಂತಹ ಪೆಟ್ಟಿಗೆ ಹಾನಿಯಾಗುವುದಿಲ್ಲ.

ಆಹಾರ

ಈ ಪಕ್ಷಿಯ ಮುಖ್ಯ ಆಹಾರ ಇರುವೆಗಳು ಹಾಗೂ ಅವುಗಳ ಮೊಟ್ಟೆ ಮರಿಗಳು. ಮಾವು ಗೇರುಗಳ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಗಳನ್ನೂ ಇದು ತಿನ್ನುತ್ತದೆ. ಇದಲ್ಲದೆ ತೊಗಟೆಯಡಿಯ ದುಂಬಿಗಳ ಮರಿಹುಳುಗಳು, ಗೆದ್ದಲು, ಕಂಬಳಿಹುಳು, ಜೇಡ ಮೊದಲಾದವುಗಳೂ ಆಹಾರವಾಗುತ್ತವೆ. ಗೆದ್ದಲ ಹುತ್ತದ ಬಳಿ ನೆಲಕ್ಕಿಳಿಯುವುದೂ ಉಂಟು. ಕೆಲವೊಮ್ಮೆ ಹೂವಿನ ಮಕರಂದವನ್ನೂ ಹಣ್ಣನ್ನೂ ಸೇವಿಸುತ್ತದೆ.

ಸಾಮಾನ್ಯವಾಗಿ ಜೋಡಿಯಾಗಿ ಅಥವಾ ಸಣ್ಣ ಗುಂಪಾಗಿ ಮೇವು ಅರಸುತ್ತವೆ. ಕಾಂಡದ ಕೆಳಭಾಗದಿಂದ ಆರಂಭಿಸಿ ಕುಪ್ಪಳಿಸುತ್ತ, ಸುತ್ತು ಹಾಕುತ್ತ ಮೇಲೇರುತ್ತವೆ. ಮನುಷ್ಯರು ಹತ್ತಿರ ಬಂದಾಗ ಕಾಂಡದ ಮತ್ತೊಂದು ಮಗ್ಗುಲಿಗೆ ಸರಿದು ಮರೆಯಾಗುವುದು ಇವುಗಳ ಅಭ್ಯಾಸ. ಅಂತಹ ಸಂದರ್ಭದಲ್ಲಿ ಸದ್ದು ಮಾಡದೆ ನಿಂತಲ್ಲಿಯೇ ನಿಂತರೆ ಸ್ವಲ್ಪ ಹೊತ್ತಿನಲ್ಲಿ ಪಕ್ಷಿಯು ಇಣುಕಿ ನೋಡುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಅಲೆಯಂತೆ ಏರುತ್ತ ಇಳಿಯುತ್ತ ಹಾರುತ್ತದೆ.

ಧ್ವನಿ ಮತ್ತು ಕುಟ್ಟುವಿಕೆ

ಹಾರುವಾಗ ಈ ಪಕ್ಷಿಯು ಒರಟಾದ, ನಗುವಿನಂತೆ ಕೇಳಿಸುವ ಗಟ್ಟಿಯಾದ ಕೂಗು ಹಾಕುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಪಕ್ಷಿ ಕಾಣುವ ಮೊದಲೇ ಈ ಕೂಗು ಕೇಳಿಬರುತ್ತದೆ. ಮರದ ಮೇಲಿನ ಇದರ ಕುಟ್ಟುವಿಕೆಯಲ್ಲಿ ಮೂರು ಬಗೆಗಳಿವೆ. ತೋಟದಲ್ಲಿ ಕಿವಿಗೊಟ್ಟು ಕೇಳಿದರೆ ಇವುಗಳ ವ್ಯತ್ಯಾಸ ತಿಳಿಯುತ್ತದೆ:

1. ಆಹಾರಕ್ಕಾಗಿ ಕುಟ್ಟುವುದು: ಮೆಲ್ಲನೆಯ, ಬಿಟ್ಟು ಬಿಟ್ಟು ಕೇಳುವ ಸದ್ದು. ಪಕ್ಷಿಯು ಜಾಗ ಬದಲಿಸುತ್ತಲೇ ಇರುತ್ತದೆ.
2. ತಾಳ ಬಾರಿಸುವುದು: ಅತಿ ವೇಗವಾಗಿ, ಒಂದೇ ಉಸಿರಿಗೆ ಎಂಬಂತೆ ಬರುವ ಸದ್ದು. ತನ್ನ ಎಲ್ಲೆಯನ್ನು ಸಾರುವುದಕ್ಕೂ ಸಂಗಾತಿಯನ್ನು ಕರೆಯುವುದಕ್ಕೂ ಇದನ್ನು ಬಳಸುತ್ತದೆ. ಸಂತಾನದ ಕಾಲದಲ್ಲಿ ಇದು ಹೆಚ್ಚು. ಇದಕ್ಕೆ ಚೆನ್ನಾಗಿ ಸದ್ದು ಕೊಡುವ ಒಣ ಮರವೇ ಬೇಕು.
3. ಗೂಡು ಕೊರೆಯುವುದು: ಒಂದೇ ಸ್ಥಳದಲ್ಲಿ ದಿನವೂ ಬಹಳ ಹೊತ್ತು ಕೇಳುವ ಸದ್ದು. ಮರದ ಬುಡದಲ್ಲಿ ಹೊಸ ಮರದ ಚೂರುಗಳು ಬಿದ್ದಿರುತ್ತವೆ.

ಮೂರನೆಯ ಬಗೆಯ ಸದ್ದು ಕೇಳಿಬಂದ ಮರವನ್ನು ಗುರುತಿಟ್ಟುಕೊಳ್ಳುವುದು ಸೂಕ್ತ.

ಸಂತಾನಾಭಿವೃದ್ಧಿ

ಫೆಬ್ರವರಿಯಿಂದ ಜುಲೈವರೆಗೆ ಇವುಗಳ ಸಂತಾನದ ಕಾಲ. ಹವಾಮಾನಕ್ಕೆ ಅನುಗುಣವಾಗಿ ಇದರಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಿರುತ್ತದೆ. ಕಾಂಡದಲ್ಲಿ ಅಡ್ಡಲಾಗಿ ರಂಧ್ರ ಕೊರೆದು, ಅನಂತರ ಒಳಗಡೆ ಕೆಳಮುಖವಾಗಿ ಪೊಟರೆ ಮಾಡುತ್ತವೆ. ಅದರೊಳಗೆ ಹುಲ್ಲಾಗಲೀ ನಾರಾಗಲೀ ಹಾಸುವುದಿಲ್ಲ. ಕೊರೆದ ಮರದ ಪುಡಿಯೇ ಹಾಸಿಗೆ. ಅಪರೂಪಕ್ಕೆ ಮಣ್ಣಿನ ದರೆಯಲ್ಲಿ ಗೂಡು ಮಾಡಿದ ಉದಾಹರಣೆಗಳೂ ಇವೆ.

ಸಾಮಾನ್ಯವಾಗಿ ಮೂರು ಹೊಳಪುಳ್ಳ ಬಿಳಿಯ ಮೊಟ್ಟೆಗಳನ್ನು ಇಡುತ್ತದೆ. ಸುಮಾರು 11 ದಿನಗಳ ಕಾವಿನ ನಂತರ ಮರಿಗಳು ಹೊರಬರುತ್ತವೆ. ಮರಿಗಳು ಗೂಡು ಬಿಡಲು ಮತ್ತೆ ಸುಮಾರು 20 ದಿನಗಳು ಬೇಕು. ಮೊಟ್ಟೆ ಇಡುವ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮೊದಲ ಮೊಟ್ಟೆಯಿಂದ ಗೂಡು ಖಾಲಿಯಾಗುವವರೆಗೆ ಸುಮಾರು ಐದು ವಾರಗಳಾಗುತ್ತವೆ. ಪಕ್ಷಿಗಳು ಗೂಡಿಗೆ ಮೇವು ಒಯ್ಯುತ್ತಿರುವುದು ಕಂಡುಬಂದರೆ ಮರಿಗಳಾಗಿವೆ ಎಂದರ್ಥ. ಅಲ್ಲಿಂದ ಮುಂದೆ ಹೆಚ್ಚೆಂದರೆ ಮೂರು ವಾರಗಳ ಅವಧಿ ಉಳಿದಿರುತ್ತದೆ.

ಪೊಟರೆಯ ಇತರ ಫಲಾನುಭವಿಗಳು

ತೋಟದಲ್ಲಿ ಮರ ಕೊರೆದು ಗೂಡು ಮಾಡುವ ಶಕ್ತಿಯುಳ್ಳ ಪಕ್ಷಿಗಳು ಕೆಲವೇ. ಮರಕುಟಿಗಗಳು ಹಾಗೂ ಕುಟ್ರ ಹಕ್ಕಿಗಳು ಅವುಗಳಲ್ಲಿ ಮುಖ್ಯ. ಆದರೆ ಪೊಟರೆಯಲ್ಲಿ ಮರಿ ಮಾಡುವ ಪಕ್ಷಿಗಳು ಅನೇಕ. ಮಡಿವಾಳ ಹಕ್ಕಿ, ಗೊರವಂಕ, ಗಿಳಿ, ಸಣ್ಣ ಗೂಬೆ ಇವೆಲ್ಲವೂ ಸ್ವತಃ ಗಟ್ಟಿ ಮರವನ್ನು ಕೊರೆಯಲಾರವು. ಇವು ಮರಕುಟಿಗ ಬಿಟ್ಟುಹೋದ ಪೊಟರೆಗಳನ್ನು ಅಥವಾ ತಾನಾಗಿ ಟೊಳ್ಳಾದ ಮರಗಳನ್ನು ಆಶ್ರಯಿಸುತ್ತವೆ. ಕೆಲವೊಮ್ಮೆ ಗಿಳಿ ಮತ್ತು ಗೊರವಂಕಗಳು ಮರಕುಟಿಗವನ್ನು ಓಡಿಸಿ ಹೊಸ ಗೂಡನ್ನೇ ವಶಪಡಿಸಿಕೊಳ್ಳುವುದುಂಟು.

ಸಣ್ಣ ಗೂಬೆಗಳು ದೊಡ್ಡ ಕೀಟಗಳನ್ನೂ ಇಲಿಮರಿಗಳನ್ನೂ ಹಿಡಿಯುತ್ತವೆ. ಮಡಿವಾಳ ಹಕ್ಕಿ ನೆಲದ ಹುಳುಗಳನ್ನು ಹೆಕ್ಕುತ್ತದೆ. ಹೀಗೆ ಒಂದು ಮರಕುಟಿಗ ಜೋಡಿಯ ದುಡಿಮೆಯು ಹಲವು ಪಕ್ಷಿ ಸಂಸಾರಗಳಿಗೆ ಮನೆ ಒದಗಿಸುತ್ತದೆ. ಒಣಮರ ಇಲ್ಲವಾದರೆ ನಷ್ಟವಾಗುವುದು ಮರಕುಟಿಗಕ್ಕೆ ಮಾತ್ರವಲ್ಲ.

ತೆಂಗು ಬೆಳೆಗಾರರ ಸಂಶಯಗಳು

ಮರಕುಟಿಗ ಕುಟ್ಟಿದ್ದರಿಂದ ತೆಂಗಿನ ಮರ ಸತ್ತುಹೋಯಿತು ಎಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಮರಕುಟಿಗವು ಸಾಮಾನ್ಯವಾಗಿ ಆಯ್ದುಕೊಳ್ಳುವುದು ಒಣಗಿದ ಅಥವಾ ಒಳಗೆ ಕೊಳೆತು ಮೆದುವಾದ ಮರವನ್ನು. ಆರೋಗ್ಯವಂತ ತೆಂಗಿನ ಕಾಂಡದ ಹೊರಭಾಗ ಬಹಳ ಗಟ್ಟಿ. ಆದುದರಿಂದ ರಂಧ್ರ ಕಂಡ ಬಹುತೇಕ ಮರಗಳಲ್ಲಿ ರೋಗ ಅಥವಾ ಕೀಟ ಮೊದಲು ಬಂದು, ಪಕ್ಷಿ ಅನಂತರ ಬಂದಿರುತ್ತದೆ. ಹಾಗೆಂದು ಹಾನಿಯೇ ಇಲ್ಲವೆಂದೂ ಹೇಳಲಾಗದು. ತೆಂಗಿನ ಕಾಂಡದಲ್ಲಿ ಆದ ಗಾಯವು ಮಾವು ಹಲಸುಗಳಲ್ಲಿ ಆಗುವಂತೆ ತೊಗಟೆ ಬೆಳೆದು ಮುಚ್ಚಿಕೊಳ್ಳುವುದಿಲ್ಲ. ಬದುಕಿರುವ ಮರದಲ್ಲಿ ರಂಧ್ರವಾದರೆ ಅದು ಹಾಗೆಯೇ ಉಳಿಯುತ್ತದೆ.

ತೆಂಗಿನ ನಿಜವಾದ ಶತ್ರುಗಳು ಎರಡು. ಮೊದಲನೆಯದು ಕೆಂಪು ಮೂತಿ ಹುಳು. ಕಾಂಡದ ರಂಧ್ರಗಳಿಂದ ಕಂದು ಬಣ್ಣದ ಅಂಟು ಸೋರುವುದು, ಜಗಿದ ನಾರು ಹೊರಬರುವುದು, ಒಳಗರಿಗಳು ಹಳದಿಯಾಗುವುದು ಇದರ ಲಕ್ಷಣ. 5ರಿಂದ 20 ವರ್ಷ ವಯಸ್ಸಿನ ಮರಗಳಿಗೆ ಇದರ ಬಾಧೆ ಹೆಚ್ಚು. ಎರಡನೆಯದು ಸುಳಿಯನ್ನು ಕೊರೆಯುವ ಕೊಂಬಿನ ದುಂಬಿ. ಇದು ಕೊರೆದ ಸುಳಿ ಬಿಡಿಸಿಕೊಂಡಾಗ ಗರಿಯು ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಕೊಂಬಿನ ದುಂಬಿ ಮಾಡಿದ ಗಾಯವು ಕೆಂಪು ಮೂತಿ ಹುಳುವಿಗೆ ಪ್ರವೇಶದ್ವಾರವಾಗುತ್ತದೆ. ಇನ್ನು ಎಳನೀರು ಕಾಯಿಗಳ ತೊಟ್ಟಿನ ಬಳಿ ಕೊರೆದು ಉದುರಿಸುವುದು ಹೆಚ್ಚಾಗಿ ಇಲಿಗಳ ಕೆಲಸ.

ಮರಕುಟಿಗವು ತೊಗಟೆಯ ಹುಳುಗಳನ್ನು ತಿನ್ನುತ್ತದೆಯಾದರೂ, ಅದೊಂದರಿಂದಲೇ ಮೇಲ್ಕಂಡ ಕೀಟಗಳು ಹತೋಟಿಗೆ ಬರುತ್ತವೆಂದು ಭಾವಿಸತಕ್ಕದ್ದಲ್ಲ. ಕಾಂಡದ ಆಳದಲ್ಲಿರುವ ಹುಳುವಿಗೆ ತೋಟಗಾರಿಕಾ ತಜ್ಞರ ಸಲಹೆಯಂತೆ ಚಿಕಿತ್ಸೆ ಅಗತ್ಯ. ಆದರೆ ಪಕ್ಷಿಯು ಒಂದೇ ಮರಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಆ ಮರವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಬೆಳೆಗಾರರಿಗೆ ಪ್ರಯೋಜನಕರ.

ಒಣಮರದ ಪ್ರಶ್ನೆ

ಇಲ್ಲಿ ತೋಟದ ಹಿತ ಮತ್ತು ಪಕ್ಷಿಯ ಹಿತ ಪರಸ್ಪರ ಎದುರಾಗುತ್ತವೆ. ಕೊಂಬಿನ ದುಂಬಿಯು ಗೊಬ್ಬರದ ಗುಂಡಿಗಳಲ್ಲಿ ಮಾತ್ರವಲ್ಲದೆ ಕೊಳೆಯುತ್ತಿರುವ ತೆಂಗಿನ ಕಾಂಡಗಳಲ್ಲಿಯೂ ಮೊಟ್ಟೆ ಇಟ್ಟು ಬೆಳೆಯುತ್ತದೆ. ಆದಕಾರಣ ಸತ್ತ ತೆಂಗಿನ ಮರಗಳನ್ನು ತೋಟದಿಂದ ತೆಗೆಯಬೇಕೆಂಬುದು ಕೃಷಿ ತಜ್ಞರ ಸಲಹೆ, ಮತ್ತು ಅದು ಸರಿಯಾದುದೇ ಆಗಿದೆ. ಆದರೆ ಮರಕುಟಿಗಕ್ಕೆ ಬೇಕಾದುದೂ ಅಂತಹ ಮರವೇ.

ಇದಕ್ಕೆ ಕಾಲದ ತೊಡಕೂ ಸೇರಿಕೊಂಡಿದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಗಾಳಿಮಳೆಗೆ ಮರ ಬಿದ್ದು ಮನೆಗೂ ವಿದ್ಯುತ್ ತಂತಿಗೂ ಹಾನಿಯಾಗಬಾರದೆಂದು ಒಣಮರಗಳನ್ನು ಸಾಮಾನ್ಯವಾಗಿ ಮಳೆಗಾಲಕ್ಕೆ ಮುನ್ನ, ಏಪ್ರಿಲ್ ಮೇ ತಿಂಗಳುಗಳಲ್ಲಿ ಕಡಿಯಲಾಗುತ್ತದೆ. ಮರಕುಟಿಗದ ಗೂಡಿನಲ್ಲಿ ಮೊಟ್ಟೆ ಮರಿಗಳಿರುವ ಸಾಧ್ಯತೆಯ ಕಾಲವೂ ಅದೇ ಆಗಿದೆ. ಇದೇ ಕೆಲಸವನ್ನು ಆಗಸ್ಟ್‌ನಿಂದ ಜನವರಿಯೊಳಗೆ ಮಾಡಿದಲ್ಲಿ ಮುಂದಿನ ಮಳೆಗಾಲದ ಭಯವೂ ನಿವಾರಣೆಯಾಗುತ್ತದೆ, ಗೂಡುಗಳೂ ಉಳಿಯುತ್ತವೆ. ಖರ್ಚು ಒಂದೇ, ಬದಲಾಗುವುದು ತಿಂಗಳು ಮಾತ್ರ.

ಯಾವ ಮರವನ್ನು ಉಳಿಸಬೇಕೆಂಬ ಬಗ್ಗೆ ಕೆಳಕಂಡಂತೆ ವಿವೇಚಿಸಬಹುದು:

ಅ) ಕೀಟಬಾಧೆಯಿಂದ ಸತ್ತ ತೆಂಗು: ಉಳಿಸತಕ್ಕದ್ದಲ್ಲ. ಗೂಡು ಇಲ್ಲವೆಂದು ಖಚಿತಪಡಿಸಿಕೊಂಡು, ಕಡಿದು, ಸೀಳಿ, ಸುಟ್ಟು ಅಥವಾ ಬೇರೆ ರೀತಿಯಲ್ಲಿ ವಿಲೇವಾರಿ ಮಾಡುವುದು.

ಆ) ಸಿಡಿಲಿನಿಂದ ಅಥವಾ ವಯಸ್ಸಿನಿಂದ ಸತ್ತ ತೆಂಗು: ತೋಟದಲ್ಲಿ ಕೊಂಬಿನ ದುಂಬಿಯ ಬಾಧೆ ಇದ್ದರೆ ಇದನ್ನೂ ತೆಗೆಯುವುದು ಒಳಿತು. ಬಾಧೆ ಇಲ್ಲದಿದ್ದರೆ, ಗೂಡು ಇರುವ ಮರವನ್ನು ಆ ಒಂದು ಋತು ಮುಗಿಯುವವರೆಗೆ ಬಿಡಬಹುದು.

ಇ) ಮಾವು, ಹಲಸು, ಹಾಲಿವಾಣ, ಬೂರುಗಗಳ ಒಣ ಕಾಂಡ ಅಥವಾ ದಪ್ಪ ಕೊಂಬೆ: ಇವು ಕೆಂಪು ಮೂತಿ ಹುಳುವಿನ ನೆಲೆಯಲ್ಲ. ಮನೆ, ದಾರಿ, ತಂತಿಗಳಿಂದ ದೂರವಿದ್ದಲ್ಲಿ ಉಳಿಸಲು ಇವೇ ಅತ್ಯಂತ ಯೋಗ್ಯ. ಎತ್ತರದಿಂದ ಅಪಾಯವೆನಿಸಿದರೆ ಮೇಲ್ಭಾಗವನ್ನು ಕತ್ತರಿಸಿ ಮೂರು ನಾಲ್ಕು ಮೀಟರ್ ಎತ್ತರದ ಕಾಂಡವನ್ನಷ್ಟೇ ಬಿಡಬಹುದು.

ಈ) ನಾಗಬನದ ಮರಗಳು: ಹಿರಿಯರ ಪದ್ಧತಿಯಂತೆ ಇದ್ದ ಹಾಗೆಯೇ ಬಿಡುವುದು. ಬನದ ಜೀರ್ಣೋದ್ಧಾರ ಕೈಗೊಳ್ಳುವವರು ಕಟ್ಟೆ ಕಟ್ಟುವ ಸಲುವಾಗಿ ಹಳೆಯ ಮರಗಳನ್ನು ತೆಗೆಯದಿರುವುದು ಉಚಿತ.

ಮೇಲಿನಂತೆ ನಡೆದುಕೊಂಡಲ್ಲಿ ತೋಟದ ಆದಾಯಕ್ಕೆ ಕೊರತೆಯಾಗುವುದಿಲ್ಲ. ತೋಟದ ಅಂಚಿನ ಒಂದು ಒಣ ಮಾವಿನ ಕಾಂಡವು ಸೌದೆಯಾಗಿ ಕೊಡುವ ಹಣ ಅಲ್ಪ. ನಿಂತಲ್ಲಿಯೇ ನಿಂತರೆ ಅದು ಹಲವು ವರ್ಷ ಪಕ್ಷಿಗಳಿಗೆ ಆಸರೆಯಾಗುತ್ತದೆ.

ಕಾನೂನಿನ ಅಂಶಗಳು

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅಡಿಯಲ್ಲಿ ಮರಕುಟಿಗಗಳಿಗೆ ರಕ್ಷಣೆ ಇದೆ. 2022ರ ತಿದ್ದುಪಡಿಯು 1 ಏಪ್ರಿಲ್ 2023ರಿಂದ ಜಾರಿಗೆ ಬಂದು ಅನುಸೂಚಿಗಳ ಸಂಖ್ಯೆ ಆರರಿಂದ ನಾಲ್ಕಕ್ಕೆ ಇಳಿದಿದ್ದರೂ ಈ ರಕ್ಷಣೆ ಮುಂದುವರಿದಿದೆ. ಸದರಿ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಲ್ಲುವುದು, ಹಿಡಿಯುವುದು ಎಂಬುದಲ್ಲದೆ, ಕಾಡುಪಕ್ಷಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು ಹಾಗೂ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದು ಎಂಬ ಅರ್ಥವೂ ಇದೆ. ಇದನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕು.

ಮರಗಳಿಗೆ ಸಂಬಂಧಿಸಿದಂತೆ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976ರ ಅನ್ವಯ ಮರ ಕಡಿಯಲು ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅಗತ್ಯ. ಆದರೆ ತೆಂಗು, ಗಾಳಿಮರ, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ಇದರಿಂದ ವಿನಾಯಿತಿ ಇದೆ. ಅಂದರೆ ಪಕ್ಷಿಗೆ ಹಾಗೂ ಅದರ ಗೂಡಿಗೆ ಕಾನೂನಿನ ರಕ್ಷಣೆ ಇದ್ದರೂ, ಅದು ವಾಸಿಸುವ ತೆಂಗಿನ ಮರಕ್ಕೆ ಇಲ್ಲ. ಕಡಿಯುವ ಮೊದಲು ಯಾವ ಅಧಿಕಾರಿಯೂ ಬಂದು ಆ ಮರವನ್ನು ನೋಡುವುದಿಲ್ಲ. ನೋಡಬೇಕಾದವರು ಮನೆಯವರು ಮತ್ತು ಮರ ಕಡಿಯಲು ಬಂದವರು.

ಸಾರ್ವಜನಿಕರು ಪಾಲಿಸಬೇಕಾದ ಅಂಶಗಳು

1. ಒಣಮರವನ್ನು ಕಡಿಯುವ ಮೊದಲು ಕಾಂಡದ ಸುತ್ತಲೂ ನೋಡಿ ರಂಧ್ರವಿದೆಯೇ ಎಂದು ಪರಿಶೀಲಿಸುವುದು. ಬುಡದಲ್ಲಿ ಹೊಸ ಮರದ ಚೂರುಗಳಿವೆಯೇ ಎಂದು ಗಮನಿಸುವುದು.
2. ರಂಧ್ರ ಕಂಡಲ್ಲಿ ದೂರದಲ್ಲಿ ನಿಂತು ಬೆಳಿಗ್ಗೆ ಅಥವಾ ಸಂಜೆ ಅರ್ಧ ಗಂಟೆ ಕಾಯುವುದು. ಪಕ್ಷಿ ಒಳಹೊರಗೆ ಓಡಾಡುತ್ತಿದ್ದರೆ ಐದು ವಾರಗಳ ಕಾಲ ಕಡಿಯುವುದನ್ನು ಮುಂದೂಡಿ, ಗೂಡು ಖಾಲಿಯಾದುದನ್ನು ನೋಡಿಕೊಂಡು ಮುಂದುವರಿಯುವುದು.
3. ಒಣಮರ ತೆಗೆಯುವ ಕೆಲಸವನ್ನು ಸಾಧ್ಯವಾದಷ್ಟು ಆಗಸ್ಟ್‌ನಿಂದ ಜನವರಿ ಒಳಗೆ ಮುಗಿಸಿಕೊಳ್ಳುವುದು.
4. ಗೂಡಿನೊಳಗೆ ಕೈ ಹಾಕುವುದು, ಬೆಳಕು ಬಿಡುವುದು, ಭಾವಚಿತ್ರಕ್ಕಾಗಿ ಹತ್ತಿರ ಹೋಗುವುದನ್ನು ಮಾಡಬಾರದು.
5. ಬದುಕಿರುವ ತೆಂಗಿನಲ್ಲಿ ಕೀಟಬಾಧೆಯ ಸಂಶಯವಿದ್ದಲ್ಲಿ ತಾಲ್ಲೂಕಿನ ತೋಟಗಾರಿಕಾ ಇಲಾಖೆ, ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಅಥವಾ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆ ಪಡೆಯುವುದು.
6. ಕೊಂಬಿನ ದುಂಬಿಯ ತಡೆಗೆ ಸುಳಿಯ ಸಮೀಪದ ಹೆಡೆಗಳ ಸಂದಿಗೆ ಬೇವಿನ ಹಿಂಡಿ ಹಾಗೂ ಮರಳಿನ ಮಿಶ್ರಣ ತುಂಬುವಂತಹ ಸುರಕ್ಷಿತ ಕ್ರಮಗಳಿಗೆ ಆದ್ಯತೆ ನೀಡುವುದು.
7. ಮರ ಬಿದ್ದು ಮರಿಗಳು ನೆಲಕ್ಕೆ ಬಿದ್ದಿರುವುದು ಕಂಡುಬಂದಲ್ಲಿ ಮನೆಯಲ್ಲಿ ಸಾಕದೆ, ಸಮೀಪದ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ತಿಳಿಸುವುದು.

ಉಪಸಂಹಾರ

ಹೊಂಬೆನ್ನಿನ ಮರಕುಟಿಗವು ಅಳಿವಿನಂಚಿನಲ್ಲಿರುವ ಪಕ್ಷಿಯಲ್ಲ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಇದನ್ನು ಕಡಿಮೆ ಕಾಳಜಿಯ ಜಾತಿಯೆಂದು ದಾಖಲಿಸಲಾಗಿದೆ. ಮನುಷ್ಯರ ನಡುವೆ ಬದುಕಲು ಕಲಿತದ್ದೇ ಇದಕ್ಕೆ ಮುಖ್ಯ ಕಾರಣ. ಆದರೆ ಒಟ್ಟಾರೆ ದೇಶದಲ್ಲಿ ಪಕ್ಷಿ ಸಾಕಷ್ಟಿದೆ ಎಂಬುದರಿಂದ ಒಂದು ಊರಿನ ತೋಟದಲ್ಲಿ ಅದು ಉಳಿಯುತ್ತದೆ ಎಂದಾಗುವುದಿಲ್ಲ. ಗೂಡು ಕೊರೆಯಲು ಮರವಿಲ್ಲದ ಊರನ್ನು ಅದು ಬಿಟ್ಟು ಹೋಗುತ್ತದೆ. ಅದರೊಂದಿಗೆ ಅದರ ಪೊಟರೆಗಳನ್ನು ನಂಬಿದ ಇತರ ಪಕ್ಷಿಗಳೂ ವಿರಳವಾಗುತ್ತವೆ.

ಆದುದರಿಂದ ಎರ್ಮಾಳ್ ಹಾಗೂ ಸುತ್ತಮುತ್ತಲಿನ ಗ್ರಾಮಗಳ ತೋಟದ ಮಾಲೀಕರು, ಮರ ಕಡಿಯುವ ಕೆಲಸಗಾರರು, ದೇವಸ್ಥಾನ ಹಾಗೂ ಬನಗಳ ಆಡಳಿತ ನೋಡಿಕೊಳ್ಳುವವರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಕೊಡಲಿ ಎತ್ತುವ ಮೊದಲು ಒಮ್ಮೆ ಮರದತ್ತ ತಲೆಯೆತ್ತಿ ನೋಡಬೇಕಾಗಿ ಕೋರಲಾಗಿದೆ.